ನಿಂಗಿಯನ್ನು ಕೇಳಿದ ಪ್ರಶ್ನೆ

ನಿಂಗಿ ಹೇಳಬೇಕಾಗಿದ್ದ ಉತ್ತರವನ್ನು ನಾನು ಹೇಳಿದೆ. ಅದೂ ಸುಳ್ಳು ಹೇಳಿದೆ.

ನನ್ನ ಮೊಮ್ಮಗಳು ಫೋನಿನಲ್ಲಿ ಟೈಪು ಮಾಡುವುದನ್ನು ಕಲಿಸಿದ್ದಾಳೆ. ಒಂದು ಒತ್ತಿದರೆ ಇನ್ನೊಂದು ಬರುತ್ತದೆ, ದರಿದ್ರದ್ದು — ಇರಲಿ, ಅವತ್ತು ನನ್ನ ಬಾಯಿಯೂ ಹಾಗೇ ಮಾಡಿತಲ್ಲ.

ಇಸವಿ ಸಾವಿರದ ಒಂಬೈನೂರ ಎಂಬತ್ತರ ಆಸುಪಾಸು. ತಿಪಟೂರಿನಿಂದ ಡಾಕ್ಟರಮ್ಮನೊಬ್ಬರು ಜೀಪಿನಲ್ಲಿ ನಮ್ಮೂರಿಗೆ ಬರುತ್ತಿದ್ದರು. ತೆಂಗಿನ ತೋಟದ ಕೂಲಿ ಹೆಂಗಸರೇ ಯಾಕೆ ರಕ್ತವಿಲ್ಲದೆ ಬಿಳಿಚಿಕೊಳ್ಳುತ್ತಾರೆ ಎಂದು ಅಧ್ಯಯನ. ಊರವರೂ ಜೊತೆಗೂಡಿ ಕಾರಣ ಹುಡುಕಬೇಕೆಂಬುದು ಅವರ ಹಟ. ಎಸ್ಸೆಸ್ಸೆಲ್ಸಿ ಓದಿದ ಸೊಸೆಯೆಂದು ನನ್ನನ್ನು ಆರಿಸಿದರು. ಆ ಕೂಲಿಯವರ ಕೇರಿಯಿಂದ ಯಾರನ್ನೂ ಕರೆಯಲಿಲ್ಲ. ಕರೆಯಿರಿ ಎಂದು ನಾನೂ ಅನ್ನಲಿಲ್ಲ. ಬೀಗುತ್ತಿದ್ದೆ.

ಕಾರಣ ಸಿಕ್ಕಿತು — ಕೊಕ್ಕೆಹುಳು. ಜನ ಕಕ್ಕಸಿಗೆ ಕೂರುವ ತೋಟದ ಹಸಿಮಣ್ಣಿನಿಂದ ಬರಿಗಾಲಿಗೆ ಹತ್ತುತ್ತದಂತೆ. ಮಾತ್ರೆಯ ಜೊತೆ ಚಪ್ಪಲಿಯನ್ನೂ ಹಂಚುವ ಯೋಚನೆ ಡಾಕ್ಟರಮ್ಮನದು. ನಮ್ಮ ತೋಟದಲ್ಲಿ ಕಾಯಿ ಹೊರುತ್ತಿದ್ದ ನಿಂಗಿ, ಬಸುರಿ, ಜಗಲಿಯ ಕೆಳಗೆ ನಿಂತಿದ್ದಳು.

"ನೀನ್ಯಾಕಮ್ಮ ಚಪ್ಪಲಿ ಹಾಕಲ್ಲ?" ಡಾಕ್ಟರಮ್ಮ ಅವಳನ್ನು ಕೇಳಿದರು.

ನಿಂಗಿ ನನ್ನ ಮುಖ ನೋಡಿದಳು. ಕೇರಿಯವರು ಚಪ್ಪಲಿ ಮೆಟ್ಟಿ ನಮ್ಮ ಬೀದಿಗೆ ಬರುವಂತಿರಲಿಲ್ಲ. ಬೀದಿ ದಾಟದೆ ತೋಟವಿಲ್ಲ. ಪಕ್ಕದಲ್ಲೇ ನಮ್ಮ ಮಾವ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು —

"ಅವ್ರಿಗೆ ರೂಢಿ ಇಲ್ಲ ಕಣ್ರೀ. ಕೊಟ್ರೂ ಮೂಲೇಗ್ ಬಿಸಾಕ್ತಾರೆ." ನಗುತ್ತಲೇ ಅಂದೆ.

ಡಾಕ್ಟರಮ್ಮ ತಲೆಯಾಡಿಸಿಬಿಟ್ಟರು. ಅಷ್ಟು ಓದಿದವರು! ಪ್ರಶ್ನೆ ಅವಳಿಗೆ, ಉತ್ತರ ನನ್ನದು — ಒಂದು ಸಲ ಅವಳ ಕಡೆ ತಿರುಗಬಾರದಿತ್ತೆ? ಅವರನ್ನು ಬೈದು ಏನು ಬಂತು. ನಾಲಿಗೆ ನನ್ನದು.

ಚಪ್ಪಲಿಯ ಮಾತು ಅಲ್ಲಿಗೇ ನಿಂತಿತು. ಬರೀ ಮಾತ್ರೆ ಕೊಟ್ಟರು. ಹುಳು ಹೋಯಿತು, ನಿಂಗಿ ಅದೇ ತೋಟಕ್ಕೆ ಬರಿಗಾಲಲ್ಲಿ ಬಂದಳು, ಹುಳುವೂ ಮತ್ತೆ ಬಂತು. ಸೊರಗಿದ ಮೈ. ಕೂಸು ಉಳಿಯಲಿಲ್ಲ.

ಹಸಿ ಮೈಯಲ್ಲೇ ಕೆಲಸಕ್ಕೆ ಬಂದವಳು ಕೇಳಿದಳು. "ಅವ್ವಾರೇ, ಅವ್ರು ಕೇಳಿದ್ದು ನನ್ನ. ನೀವ್ಯಾಕೆ ಹೇಳ್ಬುಟ್ರಿ?"

"ಸುಮ್ನೆ ಕೆಲ್ಸ ನೋಡೇ," ಎಂದೆ.

ಈಗ ನಿಂಗಿ ಇಲ್ಲ. ಅವಳ ಮೊಮ್ಮಗಳು ನರ್ಸು. ಇನ್ನೊಂದು ತಂಡದ ಜೊತೆ ಸಕ್ಕರೆ ಕಾಯಿಲೆ, ಬಿ.ಪಿ. ವಿಚಾರಿಸಿಕೊಂಡು ಮನೆಮನೆಗೆ ಬರುತ್ತಾಳೆ. ನಿನ್ನೆ ತೋಳಿಗೆ ಪಟ್ಟಿ ಸುತ್ತುತ್ತ, "ಅಜ್ಜೀ, ನಮ್ಮೋರಿಗೆ ಆಗ ಚಪ್ಪಲಿ ರೂಢಿನೇ ಇರ್ಲಿಲ್ಲ ಅಂತಾರೆ ನಮ್ ದೊಡ್ಡ ಡಾಕ್ಟ್ರು. ಹೌದಾ?" ಎಂದಳು.

ನನ್ನ ಸುಳ್ಳು ಇನ್ನೂ ಬದುಕಿದೆ, ಡಾಕ್ಟರುಗಳ ಬಾಯಲ್ಲಿ! "ಕಾಫಿ ಕುಡೀತೀಯೇನೇ?" ಎಂದು ಮಾತು ಹಾರಿಸಿದೆ. ಮತ್ತೆ ಅದೇ —

ಮಗಾ, ಇದು ನಿನಗೇ. ನಿಮ್ಮಜ್ಜಿಗೆ ಚಪ್ಪಲಿ ಬೇಕಿತ್ತು. ಬೇಡವೆಂದವಳು ನಾನು. ನಿಮ್ಮ ಡಾಕ್ಟರಿಗೂ ಓದಿ ಹೇಳು. ಕಳಿಸಲು ಎಲ್ಲಿ ಒತ್ತಬೇಕೆಂದು ಯಾರನ್ನೂ ಕೇಳುವುದಿಲ್ಲ. ನನಗೆ ಗೊತ್ತು. ಅವತ್ತೂ ಎಲ್ಲ ಗೊತ್ತಿತ್ತು.