ಬೆಟ್ಟ ಮೇಲಿದ್ದ ನಕ್ಷೆ

ಮೇಷ್ಟ್ರು ನನ್ನ ತಂಗಿ ಗೌರಿ ತಂದಿದ್ದ ನಮ್ಮೂರಿನ ನಕ್ಷೆಯನ್ನು ತಲೆಕೆಳಗಾಗಿ ಹಿಡಿದರು. “ಉತ್ತರ ಮೇಲಿರ್ಬೇಕು ಕಣಮ್ಮಿ. ಬೆಟ್ಟ ದಕ್ಷಿಣಕ್ಕದೆ. ಇದ ಬರ್ದೋರು ಯಾರು?” ಕೆರೆ, ಕಣ, ಬೇಗೂರಿನ ದಾರಿ ಎಲ್ಲ ಬುಡಮೇಲಾದದ್ದು ಕಂಡು ಮಕ್ಕಳು ನಕ್ಕರು.

ಬರೆದವಳು ನಾನು, ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನಮ್ಮೂರಲ್ಲಿ ಯಾರೇ ದಾರಿ ಹೇಳಿದರೂ ಗೋಪಾಲಸ್ವಾಮಿ ಬೆಟ್ಟಕ್ಕೆ ಮುಖ ಮಾಡಿಯೇ ಹೇಳುವುದು. ಹಾಗಾಗಿ ಬೆಟ್ಟವನ್ನು ಮೇಲೆ ಬರೆದಿದ್ದೆ. ಮೇಷ್ಟ್ರಿಗೆ ಮಜ್ಜಿಗೆ ತಂದು ಶಾಲೆಯ ಬಾಗಿಲಲ್ಲೇ ನಿಂತಿದ್ದರೂ ಬಾಯಿ ಬಿಡಲಿಲ್ಲ.

“ನಾನೇ ಸಾ,” ಎಂದ ಗೌರಿ ಶಿಕ್ಷೆಗೆ ಮೂಲೆಯಲ್ಲಿ ನಿಂತಳು.

ಮನೆಯ ದಾರಿಯಲ್ಲಿ ನಾನು ‘ತಪ್ಪಾಯಿತು’ ಎನ್ನಹೋದರೆ, “ಬುಡಕ್ಕ, ಬೆಟ್ಟ ಯಾವತ್ತಾರ ಕೆಳಗಿದ್ದದಾ?” ಎಂದು ನಕ್ಕಳು.

ಐವತ್ತರ ದಶಕದ ಆ ನಕ್ಷೆ ನನ್ನದೆಂದು ಮೇಷ್ಟ್ರಿಗೆ ಕೊನೆಗೂ ಹೇಳಲಿಲ್ಲ. ಈಗಲೂ ಬೆಟ್ಟಕ್ಕೆ ತಿರುಗಿ ಯಾರಿಗಾದರೂ ದಾರಿ ಹೇಳುವಾಗ, ಮೂಲೆಯಲ್ಲಿ ನಿಂತ ಗೌರಿ ಕಣ್ಣಿಗೆ ಬರುತ್ತಾಳೆ.