ಬಾವಿಗೆ ಹೋದ ಎತ್ತು

ಗೆಳೆಯರೇ, ನನ್ನ ಸಿನಿಮಾದ ನಾಯಕ ಇಂದು ಬೆಳಿಗ್ಗೆ ಓಣಿಯ ಬಾವಿಯಲ್ಲಿ ಕರಗಿಹೋದ. ನಾಯಕ ಎಂದರೆ ಒಂದು ಮಣ್ಣಿನ ಎತ್ತು. ಬಾಯಾರಿದ ಎತ್ತೊಂದು ಕೊಟ್ಟಿಗೆ ಬಿಟ್ಟು ನೀರು ಹುಡುಕುತ್ತ ಹೊರಡುವ ಪುಟ್ಟ ಆನಿಮೇಷನ್ ಚಿತ್ರ ನನ್ನದು. ಹಸಿ ಮಣ್ಣಿನ ಕಾಲನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತಷ್ಟು ಸರಿಸಿ ಇನ್ನೊಂದು. ಹಾಗೆ ಕೆಲಸ ಸಾಗಿತ್ತು.

ನಿನ್ನೆ ಮಣ್ಣೆತ್ತಿನ ಅಮಾವಾಸ್ಯೆ. ಇವತ್ತು ನಾನು ಮನಗೂಳಿ ಬಜಾರಿಗೆ ಹೋಗಿ ಬರುವಷ್ಟರಲ್ಲಿ ದೊಡ್ಡವ್ವ, ಪೂಜೆಯ ಜೋಡೆತ್ತುಗಳ ಜೊತೆ ಕಿಟಕಿಯಲ್ಲಿದ್ದ ನನ್ನ ಎತ್ತನ್ನೂ ಬಾವಿಗೆ ಬಿಟ್ಟು ಬಂದಿದ್ದಳು.

"ಅದು ಪೂಜಾದ್ದಲ್ಲ ದೊಡ್ಡವ್ವಾ!" ಎಂದು ಕೂಗಾಡಿದೆ.

"ಹಬ್ಬ ಮುಗದಮ್ಯಾಲ ಮಣ್ಣೆತ್ತ ಮನ್ಯಾಗ ಇಟ್ಕೋಬಾರದೋ. ಅದೂ ಒಂಟಿ ಎತ್ತು!"

ಮಾತು ಬೆಳೆಸದೆ ಕಂಪ್ಯೂಟರ್ ಹಚ್ಚಿ, ಆಗಿದ್ದಷ್ಟನ್ನು ತೋರಿಸಿದೆ. ಎತ್ತು ತಲೆ ಮೇಲೆತ್ತಿತು, ಕಿವಿ ಅಲ್ಲಾಡಿಸಿತು, ಮುಂಗಾಲು ಎತ್ತಿತು. ಅಲ್ಲಿಗೆ ಮುಗಿಯಿತು.

ದೊಡ್ಡವ್ವ ಸೆರಗನ್ನು ಬಾಯಿಗೆ ಹಿಡಿದಳು. "ಯಪ್ಪಾ, ಇದು ನಡ್ಯಾಕತ್ತಿತ್ತೇನೋ? ಮೊದಲ ತೋರಸಬಾರದೇನು?"

ತೋರಿಸಬಹುದಿತ್ತು. ಪೂರ್ತಿಯಾದ ಮೇಲೆ ತೋರಿಸಿದರಾಯಿತು ಎಂದುಕೊಂಡಿದ್ದೆ.

"ಎಲ್ಲಿಗಿ ಹೊಂಟಿತ್ತದು?"

"ನೀರ ಕುಡ್ಯಾಕ."

ಆಕೆ ತುಸು ಹೊತ್ತು ಆ ಎತ್ತಿದ ಕಾಲನ್ನೇ ನೋಡಿದಳು. "ಹಂಗಾರ ನೀರಿಗಿ ಮುಟ್ಟೇತಿ ಬಿಡು," ಎಂದು ಒಳಗೆ ಹೋದಳು.

ಮುಟ್ಟಿತು, ನಿಜ. ಆದರೆ ನಾನು ಅದನ್ನು ನಡೆಸಿಕೊಂಡು ಹೋಗುವವನಿದ್ದೆ. ದೊಡ್ಡವ್ವ ಬುಟ್ಟಿಯಲ್ಲಿ ಹೊತ್ತುಕೊಂಡು ಹೋದಳು.