ಮಡಿ ಸೀರೆಗೊಂದು ಪರದೆ

ಮಳೆಗಾಲ ಶುರುವಾದರೆ ನಮ್ಮ ನಿಗಡಿಯ ಮನೆಯಲ್ಲಿ ಅಜ್ಜಿಯ ಕೆಮ್ಮೂ ಶುರುವಾಗುತ್ತಿತ್ತು. ಕಾರಣ ಎಲ್ಲರಿಗೂ ಗೊತ್ತಿತ್ತು. ಮರುದಿನದ ಪೂಜೆಗೆ ಉಡುವ ನೂಲಿನ ಸೀರೆಯನ್ನು ಅಜ್ಜಿ ಬೆಳಿಗ್ಗೆ ತಾನೇ ಒಗೆದು, ಹೊರಗೆ ತೆರೆದ ಗ್ಯಾಲರಿಯ ಎತ್ತರದ ಗಳದ ಮೇಲೆ ಕೋಲಿನಿಂದ ಹರವುತ್ತಿದ್ದಳು. ಅದು ಮಡಿ ಸೀರೆ. ಅವಳೇ ಇಳಿಸಿ ಉಡುವತನಕ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಜುಲೈ ತಿಂಗಳಲ್ಲಿ ಇರಚಲು ಹೊಡೆದು ಅದು ಒಣಗುತ್ತಲೇ ಇರಲಿಲ್ಲ. ಅಜ್ಜಿ ಹಸಿ ಸೀರೆಯನ್ನೇ ಉಟ್ಟು, ಕೆಮ್ಮುತ್ತ, ದೇವರ ಮುಂದೆ ಕೂಡುತ್ತಿದ್ದಳು.

"ಅತ್ತಿಯವರ, ಡಾಕ್ಟರ್ ಏನ್ ಹೇಳ್ಯಾರ ನೆನಪದ ಏನ್ರಿ? ಕೊಡ್ರಿ, ಇಸ್ತ್ರಿ ಆಡಿಸಿ ಕೊಡ್ತೀನಿ," ಎನ್ನುತ್ತಿದ್ದಳು ಅಮ್ಮ.

"ನೀ ಮುಟ್ಟಿದ ಮ್ಯಾಲೆ ಅದು ಮಡಿ ಹೆಂಗ?"

ಹಬ್ಬಕ್ಕೆಂದು ಎತ್ತಿಟ್ಟ ಒಂದು ರೇಷ್ಮೆ ಸೀರೆಯಿತ್ತು. ಅದನ್ನಾದರೂ ಉಡು ಎಂದರೆ ನನ್ನ ಮೇಲೆ ತಿರುಗುತ್ತಿದ್ದಳು. "ದಿನಾ ಉಟ್ಟು ಹರೀತಂದ್ರ ಹಬ್ಬದ ದಿನ ನಿನ್ನ ಜೀನ್ಸ್ ಹಾಕ್ಕೊಳ್ಳೇನು?"

ಒಂದು ವರ್ಷ ಅಮ್ಮ ಗ್ಯಾಲರಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದಳು. ಮಳೆ ನಿಂತಿತು, ಗಾಳಿಯೂ ನಿಂತಿತು. ಸೀರೆಗೆ ಮುಗ್ಗಲು ವಾಸನೆ ಹಿಡಿಯಿತು.

ನಾನಾಗ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಹತ್ತಿ ಬಟ್ಟೆಯ ಮೇಲೆ ಪಾಲಿಮರ್ ಕೂಡಿಸುವುದು ನನ್ನ ಪ್ರಾಜೆಕ್ಟ್. ಹತ್ತಿಯ ಅಣುಗಳಿಗೆ ನೀರನ್ನು ಹಿಡಿದುಕೊಳ್ಳುವ ಗುಣವಿದೆ. ಬಟ್ಟೆಯನ್ನು ಹಾಲಿನಂಥ ಸಿಲಿಕೋನ್ ದ್ರಾವಣದಲ್ಲಿ ಅದ್ದಿ, ಎರಡು ರಬ್ಬರ್ ರೋಲರುಗಳ ನಡುವೆ ಹಿಂಡಿ, ಓವನ್ನಿನಲ್ಲಿ ಕಾಯಿಸಿದರೆ ಒಂದೊಂದು ಎಳೆಗೂ ತೆಳುವಾದ ಪದರ ಬರುತ್ತದೆ. ಆಮೇಲೆ ನೀರು ಮೇಲೆಯೇ ಉಳಿಯುತ್ತದೆ. ಎಳೆಗಳ ನಡುವಿನ ಸಂದು ಮಾತ್ರ ತೆರೆದೇ ಇರುತ್ತದೆ. ಇದನ್ನು ಮಾಡುವಾಗೆಲ್ಲ ನನಗೆ ಗಳದ ಮೇಲಿನ ಆ ಸೀರೆಯೇ ನೆನಪಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಒಂದು ಸಂಜೆ ಒಂದು ತುಂಡನ್ನು ಚೀಲದಲ್ಲಿ ತಂದು ಅಜ್ಜಿಯ ಮುಂದೆ ಹಿಡಿದೆ. ಅವಳು ತಂಬಿಗೆಯಿಂದ ನೀರು ಹನಿಸಿದಳು. ಹನಿಗಳು ಗುಂಡಗಾಗಿ ಉರುಳಿ ಕೆಳಗೆ ಬಿದ್ದವು.

"ಅಯ್ಯ, ಕೆಸುವಿನ ಎಲಿ ಆಗೇದಲ್ಲ ಇದು! ಪತ್ರೊಡಿ ಮಾಡ್ಲೇನು?"

"ನಿನ್ನ ಸೀರಿಗೂ ಹಿಂಗ ಮಾಡ್ತೀನಿ ಅಜ್ಜಿ. ಮಳಿ ಬಂದ್ರೂ ತೋಯಂಗಿಲ್ಲ."

ಅವಳ ನಗು ನಿಂತಿತು. "ನೀರ ಒಳಗ ಹೋಗಲಿಲ್ಲಂದ್ರ ಒಗದಂಗ ಹೆಂಗಾತು ತಂಗಿ? ಒಗೀಲಾರದ್ದು ಮಡಿ ಹೆಂಗಾತು?"

ತುಂಡನ್ನು ಮಡಚಿಡಲು ಹೋದೆ. ಅಜ್ಜಿ ಕೊಡಲಿಲ್ಲ. ಬಾಯಿಯ ಹತ್ತಿರ ಹಿಡಿದು ಊದಿದಳು, ಆಚೆ ಬದಿಗೆ ಅಂಗೈ ಇಟ್ಟು ನೋಡಿದಳು.

"ಉಸಿರು ದಾಟ್ತದ," ಎಂದು ಗ್ಯಾಲರಿಯ ಕಡೆ ತಿರುಗಿದಳು.

"ಪರದೆ?" ಎಂದೆ.

"ಮತ್ತ! ಸೀರಿ ತಂಟೇಕ್ಕ ಬರಬ್ಯಾಡ. ಪರದೆ ಮಾಡು."

ಗೈಡ್ ಮೇಡಂ ಅನುಮತಿ ಕೊಟ್ಟರು. ಲ್ಯಾಬಿನ ರೋಲರು ಅಗಲ ಇರಲಿಲ್ಲವಾದ್ದರಿಂದ ದಪ್ಪ ಹತ್ತಿ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಹಾಯಿಸಿದೆ. ಅಮ್ಮ ಹೊಲಿದು ಜೋಡಿಸಿದಳು. ಹೊಲಿಗೆಯ ತೂತಿನಲ್ಲಿ ನೀರು ಇಳಿದೀತೆಂದು ಅಲ್ಲಿ ಮತ್ತೊಮ್ಮೆ ದ್ರಾವಣ ಸವರಿ ಇಸ್ತ್ರಿ ಆಡಿಸಿದೆ. ಸೀರೆಗೆ ತಾಗದ ಹಾಗೆ ದೂರ ಬಿಟ್ಟು ಕಟ್ಟಿಸಿಕೊಂಡವಳು ಅಜ್ಜಿ.

ಎದುರುಮನೆಯ ಕಾಕೂ ತಮ್ಮ ಗ್ಯಾಲರಿಯಿಂದಲೇ ಕೂಗಿದರು. "ಕಾಯ ಆಜೀ, ಮಾಂಡವ ಘಾತಲಾ? ಕುಣಾಚಂ ಲಗ್ನ?" ಚಪ್ಪರ ಹಾಕಿದ್ದೀರಲ್ಲ, ಯಾರ ಮದುವೆ ಎಂದು ಮರಾಠಿಯಲ್ಲಿ ಕೇಳುತ್ತಿದ್ದರು.

"ಮಾಝ್ಯಾ ಸಾಡೀಚಂ!" ಎಂದಳು ಅಜ್ಜಿ. ನನ್ನ ಸೀರೆಯದು. ಒಳಗೆ ಬಂದು ನನ್ನನ್ನು ನೋಡಿ, "ಇಕೀದಂತೂ ಇಷ್ಟು ಲಗೂ ಆಗೂದಿಲ್ಲ," ಎಂದಳು.

ಆ ರಾತ್ರಿ ಜೋರು ಮಳೆ. ಬೆಳಿಗ್ಗೆ ಪರದೆಯ ಹೊರಮೈಯಲ್ಲಿ ಹನಿಗಳು ನಿಂತಿದ್ದವು. ಸೀರೆ ಒಣಗಿದೆಯೋ ಇಲ್ಲವೋ ಮುಟ್ಟಿ ನೋಡುವಂತಿರಲಿಲ್ಲ. ಕೇಳುವುದಕ್ಕೂ ನನಗೆ ಸಂಕೋಚ. ಅಡುಗೆಮನೆಯ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತೆ.

ಈಗ ಆ ಗ್ಯಾಲರಿಗೆ ಗಾಜಿನ ಕಿಟಕಿ ಹಾಕಿಸಿದ್ದಾರೆ. ಬಹಳ ಸಲ ಒಗೆದು ಪರದೆಯ ಪದರವೂ ಹೋಗಿ ಅದು ನೀರು ಕುಡಿಯುವ ಬರೀ ಬಟ್ಟೆಯಾಯಿತು. ಆದರೆ ಆ ಬೆಳಗಿನ ಸದ್ದು ನನಗಿನ್ನೂ ನೆನಪಿದೆ. ಅಜ್ಜಿ ಕೋಲಿನಿಂದ ಸೀರೆ ಇಳಿಸಿ, ಒಳಗೆ ಹೋಗಿ, ನಿರಿಗೆ ಹಿಡಿಯಲು ಒಮ್ಮೆ ಪಟಾರೆಂದು ಕೊಡವಿದಳು. ಹಸಿ ಸೀರೆ ಹಾಗೆ ಸದ್ದು ಮಾಡುವುದಿಲ್ಲ.